ಅಳಿವೆಯ ಬಾಗಿಲಲ್ಲಿ

ಮಂಗಳೂರಿನ ಹಳೆಯ ಬಂದರಿನಿಂದ ದೋಣಿಯೇರಿ ಗುರುಪುರ ನದಿಯನ್ನು ದಾಟಿದರೆ ಬೆಂಗ್ರೆಯ ಮರಳುನೆಲವು ದೊರೆಯುವುದು. ಅದರ ದಕ್ಷಿಣದ ತುದಿಯಲ್ಲಿ ನೇತ್ರಾವತಿಯೂ ಗುರುಪುರ ನದಿಯೂ ಕೂಡಿ ಸಮುದ್ರವನ್ನು ಸೇರುವುದನ್ನು ನಾವು ಕಂಡೆವು. ಕಡಲಿಗೆ ತೆರೆದಿರುವ ಈ ಮುಖಕ್ಕೆ ಅಳಿವೆಬಾಗಿಲೆಂದು ಹೆಸರು.

ನೋಡುವವರ ಕಣ್ಣಿಗೆ ಅಲ್ಲಿಯ ನೀರೆಲ್ಲವೂ ಒಂದೇ. ಸಂಸ್ಕೃತದಲ್ಲಿ ಕಾಲಿಗೆ ನೆಲ ಸಿಕ್ಕುವ ನೀರು ‘ಗಾಧ’, ಸಿಕ್ಕದಿರುವುದು ‘ಅಗಾಧ’. ಈಜು ಬಾರದವನಿಗೆ ಅಗಾಧವು ಭಯಂಕರ. ನಾವಿಕನಿಗಾದರೋ ಗಾಧವೇ ಭಯಸ್ಥಾನ. ಮಳೆಗಾಲದ ಪ್ರವಾಹವು ಹೊತ್ತು ತಂದ ಮರಳು, ಕಡಲಿನೆದುರಿಗೆ ವೇಗವು ಕುಂದಿದೊಡನೆ ತಳಕ್ಕಿಳಿಯುವುದು. ತೆರೆಗಳು ಅದನ್ನು ಅತ್ತಿತ್ತ ಸರಿಸುವುವು. ಆದುದರಿಂದ ಹೋದ ವರ್ಷದ ದಾರಿಯನ್ನು ಈ ವರ್ಷ ನಂಬಲಾಗದು.

ನೌಕೆಯು ನೀರಿನಲ್ಲಿ ಎಷ್ಟು ಮುಳುಗಿರುವುದೆಂಬುದನ್ನು ತಿಳಿಯಲು ದೊಡ್ಡ ಹಡಗುಗಳ ಮುಂದೆಯೂ ಹಿಂದೆಯೂ ಅಂಕಿಗಳನ್ನು ಬರೆದಿರುತ್ತಾರೆ. ಈ ಅಳತೆಯೂ ಸ್ಥಿರವಲ್ಲ. ಉಪ್ಪುನೀರು ಹೆಚ್ಚು ಸಾಂದ್ರವಾದುದರಿಂದ, ಕಡಲಿನಲ್ಲಿ 10 ಮೀಟರು ಮುಳುಗಿದ ಹಡಗು ಸಿಹಿನೀರನ್ನು ಹೊಕ್ಕರೆ ಸುಮಾರು 25 ಸೆಂಟಿಮೀಟರು ಅಧಿಕವಾಗಿ ಮುಳುಗುವುದು. ಹೊರೆ ಹೆಚ್ಚಿದರಂತೂ ಹೇಳತಕ್ಕದ್ದೇ ಇಲ್ಲ.

ಮೀನುದೋಣಿಗಳ ಸಂಕಟವು ಇಲ್ಲಿಯೇ ಇರುವುದು. ಉಬ್ಬರದಲ್ಲಿ ಬರಿದಾಗಿ ಹೊರಟ ದೋಣಿಯು ಮೀನು ತುಂಬಿಕೊಂಡು ಇಳಿತದಲ್ಲಿ ಮರಳಬಹುದು. ಬಾಗಿಲು ಅದೇ; ಆದರೆ ನೀರು ಇಳಿದಿದೆ, ಭಾರ ಏರಿದೆ. ಎರಡು ತೆರೆಗಳ ನಡುವಣ ತಗ್ಗಿನಲ್ಲಿ ದೋಣಿಯ ತಳವು ಮರಳಿಗೆ ಬಡಿಯಿತೆಂದರೆ, ಹಿಂದೆ ಬರುವ ತೆರೆಯು ಅದನ್ನು ಅಡ್ಡಕ್ಕೆ ತಿರುಗಿಸಿ ಮಗುಚಿಬಿಡಬಹುದು. ಮನೆಯ ದೀಪವು ಕಾಣುವಷ್ಟು ಸಮೀಪಕ್ಕೆ ಬಂದು, ನೀರೇರುವವರೆಗೆ ಹೊರಗೆ ಕಾದಿರುವುದು ಸುಲಭವಲ್ಲ. ಆದರೂ ಕಾಯುವವನೇ ಮನೆ ಸೇರುವನು.

ಹಿಂದೆ ದೊಡ್ಡ ಹಡಗುಗಳು ಈ ಬಾಗಿಲನ್ನು ಹೊಗದೆ ಹೊರಗೇ ಲಂಗರು ಹಾಕುತ್ತಿದ್ದವು; ಸರಕನ್ನು ದೋಣಿಗಳಲ್ಲಿ ದಡಕ್ಕೆ ತರುತ್ತಿದ್ದರು. ಬಳಿಕ ಉತ್ತರಕ್ಕಿರುವ ಪಣಂಬೂರಿನಲ್ಲಿ ನೆಲವನ್ನು ತೋಡಿ ಹೊಸ ಬಂದರನ್ನು ಕಟ್ಟಿದರು. 1974ರಲ್ಲಿ ಅದು ಪ್ರಧಾನ ಬಂದರೆಂದು ಘೋಷಿತವಾಯಿತು. ಅಲ್ಲಿಯ ಕಾಲುವೆಯೂ ತಾನಾಗಿ ಆಳವಾಗಿ ಉಳಿಯದು. ಕಾಲಕಾಲಕ್ಕೆ ಹೂಳನ್ನು ತೆಗೆಯಲೇಬೇಕು.

ಪೂರ್ವಕಾಲದ ನಾವಿಕರು ಸೀಸದ ಗುಂಡಿನ ತಳಕ್ಕೆ ಕೊಬ್ಬು ಮೆತ್ತಿ ಹಗ್ಗದಿಂದ ಇಳಿಸುತ್ತಿದ್ದರು. ಹಗ್ಗವು ಆಳವನ್ನು ತಿಳಿಸುವುದು. ಅಂಟಿಬಂದ ಮರಳೋ ಕೆಸರೋ ನೆಲದ ಗುಣವನ್ನು ತಿಳಿಸುವುದು. ಈಗ ಶಬ್ದವನ್ನು ತಳಕ್ಕೆ ಕಳುಹಿಸಿ, ಅದು ಮರಳಿಬರುವ ಹೊತ್ತಿನಿಂದ ಆಳವನ್ನು ಗಣಿಸುವ ಯಂತ್ರಗಳಿವೆ. ನೀರೆಷ್ಟು, ಮುಳುಗಿದುದೆಷ್ಟು, ನಡುವೆ ಉಳಿದುದೆಷ್ಟು ಎಂಬ ಲೆಕ್ಕ ಮಾತ್ರ ಅಂದಿನದೇ. ಆ ಉಳಿದ ಕೆಲವು ಅಡಿಗಳ ನೀರಿನ ಮೇಲೆಯೇ ಎಷ್ಟೋ ಸಂಸಾರಗಳು ನಿಂತಿರುವುವು.