ಕೆಂಪು ದೂಳು, ಕಾಣದ ಕೊಳೆ

ಸಂಡೂರಿನ ದೋಣಿಮಲೈಯಲ್ಲಿ ಕಬ್ಬಿಣದ ಅದಿರಿನ ಗಣಿ ಆರಂಭವಾದದ್ದು 1977ರಲ್ಲಿ. ಇಲ್ಲಿನ ಮಣ್ಣಿನಲ್ಲಿ ಆಡಿ ಬರುವ ಮಕ್ಕಳ ಅಂಗೈ ಕೆಂಪು. ಬೆಟ್ಟದ ಕೆಳಗಿನ ಹಳ್ಳಿಯ ಈ ಹತ್ತನೇ ತರಗತಿ ಹುಡುಗನದೂ ಹಾಗೆಯೇ.

ಅವನೊಂದು ಹೋತ ಸಾಕಿದ್ದ. ಅದಕ್ಕೆ ಎಳೆಯದರಲ್ಲೇ ಬೀಜ ತೆಗೆಸಿದ್ದರು. ಬೇಗ ಮೈ ತುಂಬಲೆಂದು ಗೋಧಿ ಬೂಸಾ, ಮೆಕ್ಕೆಜೋಳ ತಿನ್ನಿಸುತ್ತಿದ್ದ. ಮಾರಿದ ದುಡ್ಡು ಮುಂದಿನ ವರ್ಷದ ಕಾಲೇಜು ಫೀಸಿಗೆ ಎಂಬುದು ಅಜ್ಜಿಯ ಲೆಕ್ಕ. ಚಳಿಗಾಲ ಬಂತು, ಹೋತ ನೀರು ಕುಡಿಯುವುದು ಕಡಿಮೆಯಾಯಿತು. ಒಂದು ಬೆಳಿಗ್ಗೆ ಬೆನ್ನು ಬಾಗಿಸಿ ತಿಣುಕುತ್ತ ನಿಂತಿತ್ತು. ಹನಿ ಮೂತ್ರವಿಲ್ಲ.

ಪಶುವೈದ್ಯರು ಕಾರಣ ಬಿಡಿಸಿ ಹೇಳಿದರು. ಬೂಸಾ, ಕಾಳುಗಳಲ್ಲಿ ರಂಜಕ ಹೆಚ್ಚು. ನೀರು ಸಾಲದಿದ್ದರೆ ಮೂತ್ರದಲ್ಲಿ ಹರಳು ಕಟ್ಟುತ್ತದೆ. ಎಳೆಯದರಲ್ಲೇ ಬೀಜ ತೆಗೆದ ಹೋತದ ಮೂತ್ರನಾಳ ಕಿರಿದಾಗಿಯೇ ಉಳಿಯುತ್ತದೆ. ಹರಳು ಅಲ್ಲಿ ಸಿಕ್ಕಿಕೊಂಡಿತ್ತು. ಶಸ್ತ್ರಚಿಕಿತ್ಸೆ ಮಾಡಿ, ಹೊಟ್ಟೆಯ ಪಕ್ಕದಿಂದ ಮೂತ್ರಕೋಶಕ್ಕೆ ಕ್ಯಾತಿಟರ್ ಎಂಬ ಕೊಳವೆ ಇಳಿಸಿದರು. ಮೂತ್ರ ಹರಿಯಿತು, ಹೋತ ಉಸಿರಾಡಿತು.

‘ಇನ್ನು ನಿನ್ನ ಕೆಲಸ ಕಣಪ್ಪಾ. ಮೂತ್ರ ಹೊರಗೆ ಬರೋ ದಾರೀಲೇ ರೋಗಾಣು ಒಳಗೆ ಹೋಗ್ತವೆ’ ಎಂದರು.

‘ದಿನಾ ಒಂದು ಇಂಜೆಕ್ಷನ್ ಹಾಕಿಬಿಡ್ರಿ ಡಾಕ್ಟ್ರೇ’ ಎಂದಳು ಅಜ್ಜಿ.

‘ಬೇಕಾದಷ್ಟು ಕೊಡ್ತೀನಿ ಅಜ್ಜೀ. ಆದರೆ ರೋಗಾಣು ಕೊಳವೆಗೆ ಪಾಚಿ ಹಾಗೆ ಅಂಟಿಕೊಂಡರೆ ಔಷಧಿ ಸುಲಭವಾಗಿ ನಾಟೋದಿಲ್ಲ. ಸುಮ್ಮಸುಮ್ಮನೆ ಕೊಟ್ಟರೆ ಔಷಧಿಗೇ ಬಗ್ಗದ ರೋಗಾಣು ಬೆಳೀತವೆ.’

ಹುಡುಗ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡ. ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆಯಬೇಕು. ಹೊಲಿಗೆಯ ಸುತ್ತ ಅಯೋಡಿನ್ ದ್ರಾವಣದಿಂದ ಒರೆಸಬೇಕು. ಕೊಳವೆಯ ತುದಿ ನೆಲಕ್ಕೆ, ಹಿಕ್ಕೆಗೆ ತಾಗಬಾರದು, ನೊಣ ಕೂರಬಾರದು. ಮಲಗುವ ಜಾಗ ಒಣಗಿರಬೇಕು. ಮೂತ್ರ ಕದಡಿದರೆ, ನಾತ ಬಂದರೆ, ಹೋತ ಮೇವು ಬಿಟ್ಟರೆ ಕೂಡಲೇ ತಿಳಿಸಬೇಕು. ಕೊಳವೆ ಅಗತ್ಯಕ್ಕಿಂತ ಒಂದು ದಿನವೂ ಹೆಚ್ಚು ಇರಬಾರದು. ತೆಗೆಯುವವರು ಮಾತ್ರ ವೈದ್ಯರೇ.

ಒಂದು ಸಂಜೆ ಆಟ ಮುಗಿಸಿ ಬಂದವನು ನೇರ ಕೊಟ್ಟಿಗೆಗೆ ನಡೆದ. ‘ಕೈ ತೋರ್ಸು’ ಎಂದಳು ಅಜ್ಜಿ. ಅವನು ಬಚ್ಚಲಿಗೆ ಹೋಗಿ ನೀರು ಸುರಿದುಕೊಂಡು ಬಂದ.

‘ಕೆಂಪು ಹೋಗೇತಿ. ಕಣ್ಣಿಗೆ ಕಾಣದಿರೋದು?’

ಅವನು ಮತ್ತೆ ಬಚ್ಚಲಿಗೆ ಹೋಗಿ, ಸೋಪು ಹಚ್ಚಿ ಉಗುರಿನ ಸಂದಿಯನ್ನೂ ಉಜ್ಜಿದ.

ಹನ್ನೆರಡನೇ ದಿನಕ್ಕೆ ಹೋತ ತಾನಾಗಿ ಮೂತ್ರ ಮಾಡತೊಡಗಿತು. ವೈದ್ಯರು ಕೊಳವೆ ತೆಗೆದರು. ಸೋಂಕು ತಗುಲಿರಲಿಲ್ಲ. ಆದರೆ ಔಷಧಿಯ ಅಂಶ ಮಾಂಸದಿಂದ ಇಳಿಯುವವರೆಗೆ ಮಾರುವಂತಿರಲಿಲ್ಲ. ಅಷ್ಟರಲ್ಲಿ ಒಳ್ಳೆಯ ಬೆಲೆ ಸಿಗುವ ಜಾತ್ರೆಯ ಸಂತೆ ಕಳೆದೇಹೋಯಿತು. ಅಜ್ಜಿ ಮತ್ತೆ ಲೆಕ್ಕ ಹಾಕುತ್ತ ಕುಳಿತಳು. ಹುಡುಗ ಬೂಸಾದ ಬುಟ್ಟಿಯನ್ನು ಅಟ್ಟಕ್ಕೇರಿಸಿ, ಹಸಿ ಸೊಪ್ಪು ಕಟ್ಟಿ, ಬಕೆಟ್ಟಿನ ನೀರು ಬದಲಿಸಿದ. ಹೋತ ಬಗ್ಗಿ ಕುಡಿಯತೊಡಗಿತು.