ಬ್ರೇಕು, ಬೋರಿಂಗು, ತೊಗಲಿನ ವಾಷರು



ಮೂರು ವಾರದಿಂದ ನಮ್ಮ ವ್ಯಾನ್ ಯಾಕೆ ಮೀಟಿಂಗುಗಳಿಗೆ ಬರ್ತಿಲ್ಲ ಅಂತ ಕೇಳಿದವರಿಗೆಲ್ಲ ಒಟ್ಟಿಗೇ ಉತ್ತರ ಕೊಡ್ತಿದ್ದೀನಿ. ಸ್ವಲ್ಪ ಉದ್ದ ಇದೆ. ಹಳೇ ಗಾಡಿ ಇಟ್ಟುಕೊಂಡಿರೋ ಸಂಘಟನೆಯವರು ದಯವಿಟ್ಟು ಪೂರ್ತಿ ಓದಿ.

ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ ಸವೆದಿತ್ತು. ಒಂದು ದೊಡ್ಡ ಗ್ಯಾರೇಜಿನಲ್ಲಿ, ಹೆಸರು ಬೇಡ, ಹೊಸ ಪ್ಯಾಡ್ ಹಾಕಿ, ಬ್ರೇಕ್ ಆಯಿಲ್ ಬದಲಾಯಿಸಿ, ಏರ್ ಬ್ಲೀಡಿಂಗೂ ಮಾಡಿಕೊಟ್ಟರು. ಮಾರನೇ ದಿನ ಲಿಂಗರಾಜಪುರ ಫ್ಲೈಓವರ್ ಇಳಿದು ಕುಕ್ ಟೌನ್ ಕಡೆ ಬರ್ತಿದ್ದೆ. ಹಿಂದೆ ಆರು ಜನ ಪೌರಕಾರ್ಮಿಕ ಅಕ್ಕಂದಿರು. ಬ್ರೇಕ್ ಒತ್ತಿದರೆ ಗಾಡಿ ನಿಧಾನ ಆಗ್ತದೆ, ನಿಲ್ಲಲ್ಲ. ಎರಡು ಸಲ ಪಂಪ್ ಮಾಡಿ, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದೆ. ಅವರು ಪೊರಕೆ ಹಿಡಿದು ಮಾತಾಡ್ತಾನೇ ಇದ್ದರು, ಗೊತ್ತಾಗಲಿಲ್ಲ. ನನಗೆ ಮಾತ್ರ ಬೆನ್ನೆಲ್ಲ ಒದ್ದೆ.

ವಾಪಸ್ ಹೋಗಿ ಹೇಳಿದೆ: "ಸಿಗ್ನಲ್ಲಿನಲ್ಲಿ ಪೆಡಲ್ ಒತ್ತಿ ಹಿಡಿದುಕೊಂಡರೆ ಅದು ಮೆಲ್ಲಗೆ ಕೆಳಗೆ ಇಳೀತಾ ಹೋಗ್ತದೆ." ಅಲ್ಲಿದ್ದಾತ ಗಾಜಿನ ಮೇಲಿನ ಬಾಬಾಸಾಹೇಬರ ಸ್ಟಿಕ್ಕರ್ ನೋಡಿದ, ನನ್ನ ನೋಡಿದ. "ಸಂಘದ ಗಾಡಿನಾ ಮೇಡಂ? ಹೊಸ ಪ್ಯಾಡು, ಕೂತ್ಕೋಬೇಕು. ಇದೆಲ್ಲ ಟೆಕ್ನಿಕಲ್, ನಿಮಗೆ ಗೊತ್ತಾಗಲ್ಲ." ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳೋಕೆ ಸ್ವಲ್ಪ ಓಡಬೇಕು ಅನ್ನೋದು ನಿಜವೇ. ಆದರೆ ಪ್ಯಾಡು ಹೊಂದಿಲ್ಲ ಅಂತ ಪೆಡಲ್ ಯಾಕೆ ನೆಲಕ್ಕೆ ಇಳೀತದೆ? ಇನ್ನೊಂದು ಸಲ ಬ್ಲೀಡ್ ಮಾಡಿದರು, ದುಡ್ಡು ತಗೊಂಡರು. ಮೊದಲಿಗಿಂತ ಹದಗೆಟ್ಟಿತು.

ಆಮೇಲೆ ಜೀವನಹಳ್ಳಿ ಕಡೆ ಗಲ್ಲಿಯಲ್ಲಿ ಒಬ್ಬರು ಭಾಯ್ ಹತ್ತಿರ ಹೋದೆ. ಬೋರ್ಡಿಲ್ಲ, ಲಿಫ್ಟಿಲ್ಲ, ಒಂದು ಜ್ಯಾಕು, ಒಂದು ಹುಡುಗ. ಅವರು ಮೊದಲು ಮಾಡಿದ ಕೆಲಸ ಪಾನಾ ಹಿಡಿದದ್ದಲ್ಲ, ಕೇಳಿದ್ದು. "ಅಮ್ಮಾ, ಪೆಡಲ್ ಕಲ್ಲಿನ ಥರ ಇದೆಯಾ, ಸ್ಪಂಜಿನ ಥರ ಇದೆಯಾ, ಇಲ್ಲಾ ಇಳೀತದಾ?"

ಈ ಒಂದು ಪ್ರಶ್ನೆಯಲ್ಲೇ ಮುಕ್ಕಾಲು ಕೆಲಸ ಇದೆ. ಪೆಡಲ್ ಕಲ್ಲಿನಂಗಿದ್ದು ಬ್ರೇಕ್ ಹಿಡೀದಿದ್ದರೆ ಬೂಸ್ಟರ್ ನೋಡಬೇಕು. ಇಂಜಿನ್ ಆಫ್ ಮಾಡಿ, ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಒಂಚೂರು ತಗ್ಗಿದರೆ ಬೂಸ್ಟರ್ ಸರಿ ಇದೆ, ಅಲ್ಲಾಡದಿದ್ದರೆ ಅದಕ್ಕೋ ಅದರ ವ್ಯಾಕ್ಯೂಮ್ ಪೈಪಿಗೋ ತೊಂದರೆ. ಸ್ಪಂಜಿನಂಗಿದ್ದರೆ ಒಳಗೆ ಗಾಳಿ, ಅಥವಾ ಉಬ್ಬುತ್ತಿರೋ ಹಳೇ ರಬ್ಬರ್ ಹೋಸು. ಪೆಡಲ್ ತುಂಬಾ ಕೆಳಗೆ ಹೋಗಿ, ಎರಡನೇ ಸಲ ಒತ್ತಿದಾಗ ಮೇಲೆ ಬಂದರೆ ಹಿಂದಿನ ಡ್ರಮ್ಮಿನ ಶೂ ಲೂಸಾಗಿರಬಹುದು. ಒತ್ತಿ ಹಿಡಿದಾಗ ಇಳೀತಾ ಹೋದರೆ ಎಲ್ಲೋ ಸೋರ್ತಿದೆ. ಚಕ್ರಗಳ ಹತ್ತಿರ, ಪೈಪುಗಳ ಜಾಯಿಂಟಿನಲ್ಲಿ ಒದ್ದೆ ಇಲ್ಲ, ಡಬ್ಬಿಯಲ್ಲಿ ಆಯಿಲ್ ಕಮ್ಮಿ ಆಗಿಲ್ಲ ಅಂದರೆ ಸೋರ್ತಿರೋದು ಒಳಗೊಳಗೇ, ಮಾಸ್ಟರ್ ಸಿಲಿಂಡರಿನಲ್ಲಿ.

ನಮ್ಮದು ಕೊನೇದು. ಖಾತ್ರಿ ಮಾಡಿಕೊಳ್ಳೋಕೆ ಭಾಯ್ ಸಿಲಿಂಡರಿಂದ ಹೊರಡೋ ಪೈಪುಗಳನ್ನ ಬಿಚ್ಚಿ ಆ ತೂತುಗಳಿಗೆ ಬಿರಡೆ ಬಿಗಿದರು. ಆಯಿಲ್‌ಗೆ ಹೋಗೋಕೆ ಬೇರೆ ದಾರಿಯೇ ಇಲ್ಲ. ಆದರೂ ಪೆಡಲ್ ಇಳೀತು. ತೀರ್ಮಾನ ಆಯ್ತು. ಎರಡು ಸಲ ಬಿಲ್ ಮಾಡಿದವರು ಕಾಲು ಗಂಟೆಯ ಈ ಪರೀಕ್ಷೆ ಮಾಡಿರಲಿಲ್ಲ.

ಬ್ಲೀಡ್ ಮಾಡಿದ ಮೇಲೇ ಯಾಕೆ ಕೆಟ್ಟಿತು? ದಿನಾ ಓಡಿಸುವಾಗ ಪೆಡಲ್ ಅರ್ಧದಷ್ಟೇ ಹೋಗೋದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರು ಹೀರ್ತದೆ, ಸಿಲಿಂಡರಿನ ಒಳಗೆ ಯಾವತ್ತೂ ಉಜ್ಜದ ಆ ಮುಂದಿನ ಭಾಗದಲ್ಲಿ ವರ್ಷಗಟ್ಟಲೆ ತುಕ್ಕು, ಕೊಳೆ ಕೂತಿರ್ತದೆ. ಬ್ಲೀಡ್ ಮಾಡುವಾಗ ಹುಡುಗ ಪೆಡಲನ್ನ ನೆಲದವರೆಗೂ ತುಳೀತಾನೆ, ರಬ್ಬರ್ ಕಪ್ಪಿನ ಅಂಚು ಆ ಒರಟು ಜಾಗದ ಮೇಲೆ ಹಾದು ಹರೀತದೆ. ಹಳೇ ಗಾಡಿ ಬ್ಲೀಡ್ ಮಾಡುವಾಗ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ ಅಂದರು ಭಾಯ್. ಅಷ್ಟೇ.

ಬಿಚ್ಚಿದ ಕಪ್ಪನ್ನ ಅವರು ನನ್ನ ಅಂಗೈ ಮೇಲೆ ಇಟ್ಟಾಗ ನನಗೆ ಅಪ್ಪ ನೆನಪಾದರು. ಬಂಗಾರಪೇಟೆ ಕಡೆ ನಮ್ಮೂರಿನ ಬೋರಿಂಗಿನಲ್ಲಿ ಇಂಥದ್ದೇ ಕಪ್ಪು, ತೊಗಲಿಂದು. 1970ರ ದಶಕದ ಕೊನೆಯಲ್ಲಿ ಬಂದ ಇಂಡಿಯಾ ಮಾರ್ಕ್ 2 ಕೈಪಂಪುಗಳಿಗೆ ತೊಗಲಿನ ವಾಷರೇ ಇರ್ತಿದ್ದದ್ದು, ನೈಟ್ರೈಲ್ ರಬ್ಬರ್ ಬಂದದ್ದು ಆಮೇಲೆ. ವಾಷರ್ ಸವೆದರೆ ಹ್ಯಾಂಡಲ್ ಹಗುರ ಆಗಿ ಸುಮ್ಮನೆ ಇಳೀತದೆ, ನೀರು ಮೇಲಕ್ಕೆ ಬರಲ್ಲ. ಆಗ ಊರಿನವರು ಕೇರಿಗೆ ಬಂದು ಅಪ್ಪನ್ನ ಕರೀತಿದ್ದರು. ಅಪ್ಪ ಹ್ಯಾಂಡಲ್ ಮೇಲೆ ಕೈ ಇಟ್ಟು ಒಂದೇ ಸಲ ಒತ್ತಿ "ವಾಷರು" ಅಂತಿದ್ದರು. ತೊಗಲು ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ, ಬಟ್ಟಲಿನ ಆಕಾರಕ್ಕೆ ತಂದು ಹಾಕಿಕೊಡೋರು. ನೀರು ಬರ್ತಿದ್ದಂಗೆ ಊರಿನವರು ಪಂಪು ತೊಳೀತಿದ್ದರು, ನಮ್ಮಮ್ಮ ಬಿಂದಿಗೆ ಇಟ್ಟುಕೊಂಡು ದೂರ ನಿಲ್ಲಬೇಕು. ಮಹಾಡ್ ಆಗಿ 60 ವರ್ಷ ಕಳೆದಿತ್ತು ಆಗ. ಊರು ಪೂರ್ತಿ ಕುಡೀತಿದ್ದದ್ದು ನಮ್ಮಪ್ಪನ ತೊಗಲು ಎತ್ತಿಕೊಟ್ಟ ನೀರು.

ಇದನ್ನ ಹೇಳಿದರೆ ಭಾಯ್ ನಕ್ಕು, "ಬ್ರೇಕೂ ಅದೇ ಅಮ್ಮಾ, ಅಲ್ಲಿ ನೀರು, ಇಲ್ಲಿ ಆಯಿಲ್" ಅಂದರು. ನಿಜ. ಅಮೆರಿಕದ ಮಾಲ್ಕಂ ಲಾಕ್‌ಹೀಡ್ ಮಾಡಿದ ಮೊದಮೊದಲ ಹೈಡ್ರಾಲಿಕ್ ಬ್ರೇಕಿನಲ್ಲೂ ಹಸಿತೊಗಲಿನ ಕಪ್ಪೇ ಇದ್ದದ್ದು. ಅದು ಸೋರ್ತಿತ್ತು ಅಂತ 1924ರ ಕ್ರೈಸ್ಲರ್ ಕಾರಿನ ಹೊತ್ತಿಗೆ ರಬ್ಬರಿಗೆ ಬದಲಾಯಿಸಿದರು. ಟೆಕ್ನಿಕಲ್ ವಿಷಯ ನಮಗೆ ಗೊತ್ತಾಗಲ್ವಂತೆ!

ಸಿಲಿಂಡರಿನ ಒಳಗೇ ಗುಳಿ ಬಿದ್ದಿದ್ದರಿಂದ ಬರೀ ಕಪ್ಪು ಬದಲಾಯಿಸಿದರೆ ಮತ್ತೆ ಹರೀತದೆ ಅಂತ ಪೂರ್ತಿ ಹೊಸದೇ ಹಾಕಿಸಿದ್ದೀವಿ. ಶಿವಾಜಿನಗರದಲ್ಲಿ ಹಳೇದು ಕಮ್ಮಿಗೆ ಸಿಗ್ತದಲ್ಲ ಅಂದವರಿಗೆ: ಬಾಗಿಲಿನ ಹಿಡಿ ಬೇಕಾದರೆ ಅಲ್ಲಿ ತಗೊಳ್ಳೋಣ, ಬ್ರೇಕಿಗೆ ಬೇಡ. ಹಾಕೋ ಮೊದಲು ಸಿಲಿಂಡರಿನ ಗಾಳಿಯನ್ನ ಮೇಜಿನ ಮೇಲೇ ತೆಗೆದರು, ಹಿಂದಿನ ಶೂ ಬಿಗಿ ಮಾಡಿದರು. ಪೆಡಲ್ ಈಗ ಎಷ್ಟು ಹೊತ್ತು ಹಿಡಿದರೂ ಇದ್ದಲ್ಲೇ ನಿಲ್ತದೆ.

ಬಿಲ್ಲುಗಳ ಫೋಟೋ ಗ್ರೂಪಿಗೆ ಹಾಕಿದ್ದೀನಿ, ಮೊದಲಿನ ಎರಡು ಬಿಲ್ಲೂ ಸೇರಿಸಿ. ಭಾನುವಾರ ಬೆಳಿಗ್ಗೆ 6 ಗಂಟೆಗೆ ವ್ಯಾನ್ ಬಂಗಾರಪೇಟೆಗೆ ಹೊರಡ್ತದೆ. ಎರಡು ಸೀಟು ಖಾಲಿ ಇವೆ, ಬರೋರು ಇವತ್ತೇ ಹೇಳಿ.