ಕೋಲಿನ ತುದಿಯ ಅಣಸು

ಈ ಸಲ ಶಾಲೆಯ ಸುದ್ದಿ ಬದಿಗಿಟ್ಟು ಒಂದು ಕೋಲಿನ ಸುದ್ದಿ ಬರೆಯುತ್ತಿದ್ದೇವೆ. ಅದನ್ನು ಕೆಡಿಸಿದವರು ನಾವೇ ಆದ್ದರಿಂದ ಬರೆಯದೆ ಗತ್ಯಂತರವಿಲ್ಲ.

ದೀಪಾವಳಿಗೆ ನಮ್ಮ ಹುಲಜಂತಿಯಲ್ಲಿ ಮಹಾಲಿಂಗರಾಯನ ಜಾತ್ರೆ. ಪಲ್ಲಕ್ಕಿಗಳು ಭೇಟಿಯಾಗುವ ಹೊತ್ತಿಗೆ ಭಂಡಾರ ಹಾರಿ ಊರೆಲ್ಲ ಹಳದಿ. ದುಡಿಯಲು ಹೊರಗೆ ಹೋದವರು ಆಗ ಬಂದೇ ಬರುತ್ತಾರೆ. ನಮ್ಮ ಕೈಯಲ್ಲಿ ಅಕ್ಷರ ತಿದ್ದಿದ ಹುಡುಗನೊಬ್ಬ ಹೀಗೆಯೇ ಮನೆಗೆ ಬಂದ. ಪುಣೆಯ ಒಂದು ಪೂಲ್ ಕ್ಲಬ್ಬಿನಲ್ಲಿ ಅವನಿಗೆ ಕೆಲಸ. ಮೇಜು ಒರೆಸುತ್ತ ಒರೆಸುತ್ತ ಆಟವನ್ನೂ ಕಲಿತಿದ್ದಾನೆ. ಮೊಬೈಲ್ ತೆರೆದರೆ ಮೊದಲು ಕಾಣುವುದು ಪಂಕಜ್ ಅಡ್ವಾಣಿಯವರ ಚಿತ್ರ. ಬೆಂಗಳೂರಿನಲ್ಲಿ ಬೆಳೆದ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಪಟ್ಟ ಗೆದ್ದದ್ದನ್ನು ನಮಗೇ ಪಾಠ ಮಾಡಿದ!

ಅವನ ಕ್ಯೂ, ಅಂದರೆ ಆಡುವ ಕೋಲು, ಕ್ಲಬ್ಬಿನ ಹಿರಿಯರೊಬ್ಬರು ಬಳಸಿ ಕೊಟ್ಟದ್ದು. ನಮಗೆ ತೋರಿಸಲೆಂದು ಚೀಲದಿಂದ ತೆಗೆದು ಗೋಡೆಗೆ ಆನಿಸಿಟ್ಟು ಪಲ್ಲಕ್ಕಿ ನೋಡಲು ಓಡಿದ. ಕಸ ಹೊಡೆಯಲು ಅದನ್ನು ಸರಿಸಹೋಗಿ ನಾವು ಹಾಸುಗಲ್ಲಿನ ಮೇಲೆ ಕೆಡವಿದೆವು. ತುದಿಯ ಬಿಳಿ ಉಂಗುರ ಉದ್ದಕ್ಕೆ ಸೀಳಿತು. ಎರಡು ವಾರಕ್ಕೆ ಅವನ ಪಂದ್ಯ. ಹುಡುಗ ಬಂದು ನೋಡಿದ, ಏನೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಹಗುರಾಗುತ್ತಿತ್ತು.

ಕೋಲು ಹಿಡಿದು ಬಡಿಗರ ಹತ್ತಿರ ಹೋದೆವು. ಅವರು ತಿರುಗಿಸಿ ನೋಡಿ ನಕ್ಕರು. "ಇದು ಅಣಸಲ್ರೀ ಮಾಸ್ತರ!" ಒನಕೆಯ ಬಾಯಿ ಸೀಳದಂತೆ ಹಾಕುವ ಕಬ್ಬಿಣದ ಬಳೆಯೇ ಅಣಸು. ಇಂಗ್ಲಿಷಿನಲ್ಲಿ ಫೆರುಲ್. ಒನಕೆಯೊಂದಿಗೆ ಈ ಮಾತೂ ಅಟ್ಟ ಸೇರಿದೆ. ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತೋ. "ಹಿತ್ತಾಳಿದು ಹಾಕ್ತೀನಿ, ಮೊಮ್ಮಕ್ಕಳ ತನಕಾ ಬರ್ತದ" ಎಂದರು. ನಮಗೂ ಅದೇ ಸರಿ ಕಂಡಿತು. ಹುಡುಗ ಗಾಬರಿಯಾಗಿ, "ಬ್ಯಾಡ್ರಿ ಕಾಕಾ, ತುದಿ ಭಾರಾದ್ರ ಕೋಲೇ ಹೋತು" ಎಂದ.

ಅವನು ತಿಳಿಸಿದ್ದು ಇದು. ಬಿಳಿ ಗುಂಡನ್ನು ನಡುವೆ ಹೊಡೆದರೆ ನೇರ ಹೋಗುತ್ತದೆ. ತಿರುಗಲಿ ಎಂದು ಎಡಕ್ಕೆ ಹೊಡೆದರೆ, ಗುರಿಗಿಂತ ತುಸು ಬಲಕ್ಕೆ ಸರಿಯುತ್ತದೆ. ಗುಂಡಿಗೆ ತಾಗಿರುವ ಕ್ಷಣದಲ್ಲಿ, ಅದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು, ಕೋಲಿನ ತುದಿಯೂ ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ. ತುದಿ ಭಾರವಿದ್ದಷ್ಟೂ ಅದು ಗುಂಡನ್ನು ಆಚೆ ತಳ್ಳುವುದು ಹೆಚ್ಚು. ನಾವು ಟಿ.ಸಿ.ಎಚ್.ನಲ್ಲಿ ಬಾಯಿಪಾಠ ಮಾಡಿದ ಜಡತ್ವವೇ ಇದು. ಅದಕ್ಕೇ ಇಂಥ ಕೋಲಿನ ತುದಿಯನ್ನು ಬೇಕೆಂದೇ ಹಗುರ ಮಾಡಿರುತ್ತಾರೆ. ಸ್ನೂಕರ್ ಕೋಲಿಗೆ ಹಿತ್ತಾಳೆಯದೇ ಇರುತ್ತದಂತೆ, ಆದರೆ ಅದರ ತುದಿ ಸಣ್ಣದು. ಬಡಿಗರ ಮಾತು ಪೂರ್ತಿ ತಪ್ಪೇನಲ್ಲ.

ನಮಗೆ ನಂಬಿಕೆ ಬರಲಿಲ್ಲ, ಲೆಕ್ಕ ಹಾಕಿದೆವು. ಉಂಗುರದ ಹೊರ ಅಗಲ 12.75 ಮಿ.ಮೀ., ಒಳಗೆ ಕೂರುವ ಮರದ ಮೊಳೆ 8 ಮಿ.ಮೀ., ಉದ್ದ 20 ಮಿ.ಮೀ. ಹಿತ್ತಾಳೆಯಾದರೆ ಸುಮಾರು 13 ಗ್ರಾಂ, ಪ್ಲಾಸ್ಟಿಕ್ಕಾದರೆ 2 ಗ್ರಾಂ. ಬಡಿಗರು ಸುಮ್ಮನಾದರು, ನಾವೂ.

ಹಗುರ ಫೆರುಲ್ ಹುಡುಗನ ಗೆಳೆಯನಿಂದ ಎಸ್‌ಟಿ ಬಸ್ಸಿನಲ್ಲಿ ಮಂಗಳವೇಢೆಗೆ ಬಂತು. ಹೋಗಿ ತಂದವರು ನಾವು, ಅಷ್ಟಾದರೂ ಮಾಡಬೇಕಲ್ಲ. ಬಡಿಗರ ಪರಿಚಯದವರ ಲೇಥಿನಲ್ಲಿ ಕೋಲು ಕಟ್ಟಿ, ಚರ್ಮದ ಟಿಪ್ ಕತ್ತರಿಸಿ, ಹಳೆಯ ಉಂಗುರವನ್ನು ಕಾಗದದಷ್ಟು ತೆಳುವಾಗುವ ತನಕ ಕೆರೆದರು. ಮರದ ಮೊಳೆಗೆ ಉಳಿ ತಾಗಿದರೆ ಕಥೆ ಮುಗಿಯಿತು. ಒನಕೆಗೆ ಅಣಸನ್ನು ಕೆಂಪಗೆ ಕಾಯಿಸಿ ಬಡಿದು ಕೂರಿಸಿದ ಕೈ ಅದು, ಇಲ್ಲಿ ಸುತ್ತಿಗೆ ಮುಟ್ಟುವಂತಿಲ್ಲ. ಬೆರಳಿನಿಂದ ಒತ್ತಿದರೆ ಕೂರಬೇಕು. ಮೊಳೆಗೆ ಉದ್ದುದ್ದ ಸಣ್ಣದೊಂದು ಗೀರು ಹಾಕಿದರು, ಇಲ್ಲದಿದ್ದರೆ ಒಳಗಿನ ಗಾಳಿ ಅಂಟನ್ನೂ ಉಂಗುರವನ್ನೂ ಹೊರಗೆ ನೂಕುತ್ತದೆ. ಎಪಾಕ್ಸಿ ಹಚ್ಚಿ ಒಂದು ರಾತ್ರಿ ಬಿಟ್ಟರು. ಮರುದಿನ ಮರಕ್ಕೆ ಟೇಪು ಸುತ್ತಿ, ಉಂಗುರವನ್ನು ಮಾತ್ರ ನುಣ್ಣನೆಯ ಕಾಗದದಿಂದ ಮರದ ಮಟ್ಟಕ್ಕೆ ತಂದು ಹೊಸ ಟಿಪ್ ಅಂಟಿಸಿದರು. ಬಡಿಗರು ಹಣ ಮುಟ್ಟಲಿಲ್ಲ. ಸೀಳಿದ ಉಂಗುರದ ಚೂರನ್ನು ಮಾತ್ರ ಕಿಸೆಗೆ ಹಾಕಿಕೊಂಡರು, ಯಾಕೋ.

ಪಂದ್ಯದ ದಿನ ಫೋನು ಬರಲಿಲ್ಲ. ಮರುದಿನ ನಾವೇ ಮಾಡಿದೆವು. ಎರಡನೆಯ ಸುತ್ತಿನಲ್ಲಿ ಸೋತಿದ್ದ. ಕೋಲಿನ ಸಂಗತಿ ಕೇಳಲು ಬಾಯಿ ಬರಲಿಲ್ಲ. ಅವನೇ ಹೇಳಿದ: "ಅಣಸಿಂದೇನೂ ತಪ್ಪಿಲ್ರಿ ಸರ್, ನಂದ ಐತಿ."